ಬಿಸಿಲ ನಾಡಿನಲ್ಲಿ ರೋಸ್‌ಮೆರಿ, ಥೈಮ್, ಒರೆಗಾನೋ: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣ ಗುಡ್ಡಗಳಿಂದ ಬಂದ ರೋಸ್‌ಮೆರಿ, ಥೈಮ್, ಒರೆಗಾನೋ, ಸೇಜ್, ಲ್ಯಾವೆಂಡರ್ ಮೊದಲಾದ ಸುಗಂಧ ಸಸ್ಯಗಳನ್ನು ಕರ್ನಾಟಕದ ತಾರಸಿ, ಬಾಲ್ಕನಿ ಮತ್ತು ಹಿತ್ತಿಲುಗಳಲ್ಲಿ ಬೆಳೆಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಉತ್ತರಿಸಲಾಗಿದೆ. ಬೇರೆ ರೀತಿ ಹೇಳದ ಕಡೆ ಎಲ್ಲ ಸಲಹೆಗಳೂ ಕುಂಡದಲ್ಲಿ ಬೆಳೆಸುವವರಿಗೆ ಅನ್ವಯಿಸುತ್ತವೆ.

ಗ್ರೀಸ್, ಇಟಲಿಗಳಲ್ಲೂ ಬೇಸಿಗೆ ಸುಡುತ್ತದೆ. ಹಾಗಿದ್ದ ಮೇಲೆ ಈ ಗಿಡಗಳು ನಮ್ಮಲ್ಲಿ ಏಕೆ ಸಾಯುತ್ತವೆ?

ಅಲ್ಲಿ ಬಿಸಿಲಿನ ಕಾಲವೂ ಮಳೆಯ ಕಾಲವೂ ಒಟ್ಟಿಗೆ ಬರುವುದಿಲ್ಲ ಎಂಬುದೇ ಇದಕ್ಕೆ ಉತ್ತರ. ಅಥೆನ್ಸ್‌ನಲ್ಲಿ ಜುಲೈ ತಿಂಗಳ ಮಧ್ಯಾಹ್ನದ ಉಷ್ಣಾಂಶ 33 ಡಿಗ್ರಿ ದಾಟುತ್ತದೆ. ಆದರೆ ಆ ಇಡೀ ತಿಂಗಳು ಬೀಳುವ ಮಳೆ ಹತ್ತು ಮಿಲಿಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಅಂದರೆ ಮಣ್ಣು ತಣ್ಣಗಿದ್ದು ರೋಗಾಣುಗಳು ಮಂಕಾಗಿರುವಾಗ. ನಮ್ಮಲ್ಲಿ ಇದು ತಲೆಕೆಳಗು. ಮಾರ್ಚ್‌ನಿಂದ ಮೇವರೆಗೆ ಕಾದ ನೆಲದ ಮೇಲೆ ಜೂನ್‌ನಲ್ಲಿ ಮುಂಗಾರು ಇಳಿಯುತ್ತದೆ, ಸೆಪ್ಟೆಂಬರ್‌ವರೆಗೆ ಮಣ್ಣು ಬೆಚ್ಚಗೂ ಒದ್ದೆಯಾಗಿಯೂ ಇರುತ್ತದೆ. ಸಣ್ಣ ಎಲೆ, ಒಳಕ್ಕೆ ಸುರುಳಿದ ಅಂಚು, ಎಲೆಯ ತಳದ ಬಿಳಿ ರೋಮ, ಆವಿಯಾಗುವ ತೈಲ ಇವೆಲ್ಲವೂ ಒಣಹವೆಯನ್ನು ತಾಳಿಕೊಳ್ಳಲು ಈ ಗಿಡಗಳು ಮಾಡಿಕೊಂಡಿರುವ ಏರ್ಪಾಡುಗಳು. ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಗಾಳಿಯಿಲ್ಲದೆ ಉಸಿರುಗಟ್ಟಿದ ಬೇರಿಗೆ ಇವು ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಪಿಥಿಯಮ್, ಫೈಟಾಫ್ತೊರಾ ಎಂಬ ಬೇರುಕೊಳೆ ತರುವ ಸೂಕ್ಷ್ಮಜೀವಿಗಳು ಇಂಥ ಮಣ್ಣಿನಲ್ಲಿಯೇ ಹುಲುಸಾಗಿ ಹಬ್ಬುತ್ತವೆ.

ಆದ್ದರಿಂದ ಏಪ್ರಿಲ್‌ನಲ್ಲಿ ಗಿಡ ಬದುಕಿತು ಎಂದು ನಿಟ್ಟುಸಿರು ಬಿಡುವುದು ಅವಸರದ ಮಾತು. ನಮ್ಮ ನಾಡಿನಲ್ಲಿ ಈ ಗಿಡಗಳ ನಿಜವಾದ ಪರೀಕ್ಷೆ ಮಳೆಗಾಲದಲ್ಲಿ ನಡೆಯುತ್ತದೆ. ಅನೇಕರ ರೋಸ್‌ಮೆರಿ ಸಾಯುವುದು ಆಗಸ್ಟ್‌ನಲ್ಲಿಯೇ ಹೊರತು ಮೇ ತಿಂಗಳಲ್ಲಿ ಅಲ್ಲ.

ಕರ್ನಾಟಕದ ಎಲ್ಲ ಭಾಗಗಳಲ್ಲೂ ಒಂದೇ ಕ್ರಮ ಸಾಕೇ?

ಸಾಲದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ರಾತ್ರಿ ತಂಪಾಗುವುದರಿಂದ ಗಿಡ ಸುಧಾರಿಸಿಕೊಳ್ಳುತ್ತದೆ. ಬೆಂಗಳೂರು, ಮೈಸೂರು, ಹಾಸನ, ಚಿಕ್ಕಬಳ್ಳಾಪುರದ ಕಡೆಯವರು ಈ ವಿಷಯದಲ್ಲಿ ಅದೃಷ್ಟವಂತರೇ ಸರಿ. ಕಲಬುರಗಿ, ರಾಯಚೂರು, ಬಳ್ಳಾರಿಗಳಲ್ಲಿ ಏಪ್ರಿಲ್–ಮೇ ತಿಂಗಳ ಉಷ್ಣಾಂಶ 40 ಡಿಗ್ರಿ ದಾಟುವುದರಿಂದ ಮಧ್ಯಾಹ್ನದ ನೆರಳು ಕಡ್ಡಾಯ. ಆದರೆ ಅಲ್ಲಿ ಮಳೆ ಕಡಿಮೆಯಿರುವುದರಿಂದ ಬೇಸಿಗೆಯನ್ನು ದಾಟಿಸಿದ ಗಿಡ ಮುಂದಕ್ಕೆ ಚೆನ್ನಾಗಿಯೇ ಬದುಕುತ್ತದೆ.

ಕಷ್ಟವಿರುವುದು ಕರಾವಳಿಯಲ್ಲಿ. ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುಮಾರು 1,000 ಮಿಲಿಮೀಟರ್ ಮಳೆಯಾಗುತ್ತದೆ, ಅಂದರೆ ಅಥೆನ್ಸ್‌ನ ಇಡೀ ವರ್ಷದ ಮಳೆಯ ಎರಡು ಪಟ್ಟಿಗಿಂತ ಹೆಚ್ಚು. ಉಡುಪಿ, ಮಂಗಳೂರು, ಕಾರವಾರದವರು ಥೈಮ್ ಮತ್ತು ಸೇಜ್‌ಗಳನ್ನು ಅಕ್ಟೋಬರ್‌ನಲ್ಲಿ ನೆಟ್ಟು ಮೇ ಕೊನೆಗೆ ಕೊಯ್ದು ಮುಗಿಸುವ ಹಂಗಾಮಿ ಬೆಳೆಯೆಂದು ಭಾವಿಸುವುದು ಜಾಣತನ. ಮಲೆನಾಡು ಮತ್ತು ಕೊಡಗಿನಲ್ಲಿ ಉಷ್ಣಾಂಶ ಹಿತವಾಗಿದ್ದರೂ ಮಳೆಯ ತೊಂದರೆ ಕರಾವಳಿಯದೇ ಆಗಿದೆ. ಪಕ್ಕದ ನೀಲಗಿರಿಯಲ್ಲಿ ರೋಸ್‌ಮೆರಿ, ಥೈಮ್‌ಗಳನ್ನು ರೈತರು ಮಾರಾಟಕ್ಕಾಗಿಯೇ ಬೆಳೆಯುತ್ತಾರೆ. ಎತ್ತರದ ತಂಪು ಮತ್ತು ನೀರು ನಿಲ್ಲದ ಇಳಿಜಾರು ಅಲ್ಲಿನ ಅನುಕೂಲ.

ಮೊದಲ ಬಾರಿಗೆ ಬೆಳೆಸುವವರು ಯಾವ ಗಿಡದಿಂದ ಆರಂಭಿಸಬೇಕು?

ಮರುಗದಿಂದ. ಮಲ್ಲಿಗೆ, ಕನಕಾಂಬರಗಳ ಜೊತೆ ಹೂಮಾಲೆಯಲ್ಲಿ ಕಟ್ಟುವ ಆ ಪರಿಮಳದ ಎಲೆಯೇ ಪಾಶ್ಚಾತ್ಯ ಅಡುಗೆಯ ಮಾರ್ಜೋರಮ್. ಸಸ್ಯಶಾಸ್ತ್ರದಲ್ಲಿ ಎರಡೂ ಒರಿಗ್ಯಾನಮ್ ಮಜೋರಾನಾ. ಒರೆಗಾನೋದ ಹತ್ತಿರದ ಬಂಧುವಾದ ಇದನ್ನು ನಮ್ಮ ಹೂವಿನ ಬೆಳೆಗಾರರು ತಲೆಮಾರುಗಳಿಂದ ಬೆಳೆಯುತ್ತ ಬಂದಿದ್ದಾರೆ. ದುಬಾರಿ ಸಸಿಗಾಗಿ ಅಲೆಯುವ ಬದಲು ಹೂವಿನ ಮಾರುಕಟ್ಟೆಯಿಂದ ತಾಜಾ ಮರುಗದ ಕಟ್ಟೊಂದನ್ನು ತಂದು, ಬಾಡದ ಕಡ್ಡಿಗಳನ್ನು ಆರಿಸಿ ನೆಟ್ಟು ನೋಡಬಹುದು.

ಎರಡನೆಯದು ರೋಸ್‌ಮೆರಿ. ಬಿಸಿಲನ್ನು ಎಲ್ಲಕ್ಕಿಂತ ಚೆನ್ನಾಗಿ ತಾಳುವುದು ಇದೇ. ನೆಟ್ಟಗೆ ಬೆಳೆಯುವ ತಳಿಯನ್ನು ಆರಿಸಬೇಕು. ನೆಲಕ್ಕೆ ಹರಡುವ ತಳಿಯ ಒಳಗೆ ಗಾಳಿಯಾಡದೆ ಮಳೆಗಾಲದಲ್ಲಿ ಎಲೆ ಕೊಳೆಯುತ್ತದೆ. ಒರೆಗಾನೋ ಮೂರನೆಯದು, ಥೈಮ್ ಅದಕ್ಕಿಂತ ಸೂಕ್ಷ್ಮ. ಸೇಜ್ ಮಳೆಗಾಲಕ್ಕೆ ಬಹುಬೇಗ ಸೋಲುತ್ತದೆ. 2017ರಲ್ಲಿ ಸಸ್ಯಶಾಸ್ತ್ರಜ್ಞರು ರೋಸ್‌ಮೆರಿಯನ್ನು ಸೇಜ್‌ನ ಕುಲವಾದ ಸಾಲ್ವಿಯಾಕ್ಕೆ ಸೇರಿಸಿದರು. ಒಂದೇ ಕುಲವೆಂದು ಕುಂಡದಲ್ಲಿ ಎರಡನ್ನೂ ಒಂದೇ ರೀತಿ ನಡೆಸಿಕೊಂಡರೆ ಸೇಜ್ ಉಳಿಯುವುದಿಲ್ಲ.

ನರ್ಸರಿಯಲ್ಲಿ ಒರೆಗಾನೋ ಎಂದು ಕೊಟ್ಟ ಗಿಡ ದೊಡ್ಡಪತ್ರೆಯಂತೆಯೇ ಕಾಣುತ್ತಿದೆ. ಇದು ಸರಿಯಾದ ಗಿಡವೇ?

ಎಲೆ ದಪ್ಪಗೆ, ರಸಭರಿತವಾಗಿ, ಅಂಚು ಹಲ್ಲುಹಲ್ಲಾಗಿದ್ದರೆ ಅದು ದೊಡ್ಡಪತ್ರೆಯೇ. ಕ್ಯೂಬನ್ ಒರೆಗಾನೋ, ಮೆಕ್ಸಿಕನ್ ಮಿಂಟ್ ಎಂಬ ಹೆಸರುಗಳಲ್ಲೂ ಅದು ಮಾರಾಟವಾಗುತ್ತದೆ. ನಿಜವಾದ ಒರೆಗಾನೋದ ಎಲೆ ತೆಳ್ಳಗಿದ್ದು ಹೆಬ್ಬೆರಳ ಉಗುರಿನಷ್ಟೇ ದೊಡ್ಡದಿರುತ್ತದೆ, ಕಾಂಡ ಒಣಕಲಾಗಿರುತ್ತದೆ. ಎರಡೂ ತುಳಸಿಯ ಕುಟುಂಬಕ್ಕೆ ಸೇರಿದವು ಮತ್ತು ಕಾರ್ವಾಕ್ರಾಲ್, ಥೈಮಾಲ್ ಎಂಬ ಒಂದೇ ಬಗೆಯ ತೈಲಾಂಶಗಳನ್ನು ಹೊಂದಿರುವುದರಿಂದ ವಾಸನೆಯಲ್ಲಿ ಹೋಲಿಕೆಯಿದೆ. ಕರಾವಳಿಯಲ್ಲಿ ಮಳೆಗಾಲವಿಡೀ ಆ ರುಚಿ ಬೇಕೆನ್ನುವವರಿಗೆ ದೊಡ್ಡಪತ್ರೆಗಿಂತ ಒಳ್ಳೆಯ ಬದಲಿ ಇಲ್ಲ. ತಂಬುಳಿಗೆ ಮೀಸಲಾದ ಎಲೆಯೆಂದು ಅದನ್ನು ಪಿಜ್ಜಾದಿಂದ ದೂರವಿಡುವ ಅಗತ್ಯವೇನೂ ಇಲ್ಲ, ಸಣ್ಣಗೆ ಹೆಚ್ಚಿ ಹಾಕಿದರಾಯಿತು.

ನಿಜವಾದ ಒರೆಗಾನೋವನ್ನೇ ಕೊಳ್ಳುವಾಗಲೂ ಒಂದು ಎಲೆಯನ್ನು ಹಿಸುಕಿ ಮೂಸಿ ನೋಡಬೇಕು. ಬೀಜದಿಂದ ಬೆಳೆಸಿದ ಒರೆಗಾನೋದಲ್ಲಿ ಗಿಡದಿಂದ ಗಿಡಕ್ಕೆ ಖಾರ ಬದಲಾಗುತ್ತದೆ, ಕೆಲವು ಗಿಡಗಳಿಗೆ ವಾಸನೆಯೇ ಇರುವುದಿಲ್ಲ.

ಮಣ್ಣಿನ ಮಿಶ್ರಣ ಹೇಗಿರಬೇಕು?

ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವಷ್ಟು ಬಿಡುವಿದ್ದರೆ ಇದನ್ನು ಓದಿ. ಚೀಲಗಳಲ್ಲಿ ಸಿಗುವ ಸಿದ್ಧ ಮಿಶ್ರಣಗಳಲ್ಲಿ ಅನೇಕ ಬಾರಿ ಅರ್ಧಕ್ಕೂ ಹೆಚ್ಚು ಪಾಲು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಹುಡಿ, ಇರುತ್ತದೆ. ಪಾಲಕ್, ಪುದೀನಕ್ಕೆ ಅದು ಹಿತ. ರೋಸ್‌ಮೆರಿಗೆ ಅದು ಸದಾ ಒದ್ದೆಯಾದ ಹಾಸಿಗೆ. ಮೇಲ್ಭಾಗ ಒಣಗಿದಂತೆ ಕಂಡರೂ ತಳದಲ್ಲಿ ನೀರು ಹಾಗೆಯೇ ಉಳಿದಿರುತ್ತದೆ.

ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು ಅಥವಾ ಸಣ್ಣ ಜಲ್ಲಿ ಅಥವಾ ಇಟ್ಟಿಗೆ ಚೂರು, ಅರ್ಧ ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಬೆರೆಸಿದರೆ ಬೆಂಗಳೂರಿನಂಥ ಹವೆಗೆ ಸರಿಹೋಗುತ್ತದೆ. ಕರಾವಳಿ, ಮಲೆನಾಡುಗಳಲ್ಲಿ ಮರಳಿನ ಪಾಲನ್ನು ಒಂದೂವರೆಗೆ ಏರಿಸಬೇಕು. ಮರಳಿಗೆ ಬದಲು ಎಂ-ಸ್ಯಾಂಡ್ ಬಳಸುವವರು ಒಂದು ವಿಷಯವನ್ನು ಗಮನಿಸಬೇಕು. ಅದರಲ್ಲಿರುವ ಕಲ್ಲಿನ ಹುಡಿ ಮಣ್ಣಿನ ಸಂದುಗಳನ್ನು ತುಂಬಿ, ಒಣಗಿದಾಗ ಗಾರೆಯಂತೆ ಗಟ್ಟಿಯಾಗುತ್ತದೆ. ಒಂದು ಹಿಡಿ ಎಂ-ಸ್ಯಾಂಡನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ ಬಿಡಿ. ಕೆಲವು ನಿಮಿಷಗಳ ಮೇಲೂ ನೀರು ಬೂದುಬಣ್ಣಕ್ಕೇ ನಿಂತಿದ್ದರೆ ಹುಡಿ ಹೆಚ್ಚಿದೆ ಎಂದರ್ಥ. ಅಂಥದ್ದನ್ನು ಹಿಟ್ಟಿನ ಜರಡಿಯಲ್ಲಿ ಜಾಲಿಸಿ, ಮೇಲೆ ಉಳಿದ ದಪ್ಪ ಕಾಳನ್ನಷ್ಟೇ ಬಳಸಬೇಕು.

ಉತ್ತರ ಕರ್ನಾಟಕದ ಎರೆಮಣ್ಣು ಕ್ಷಾರಗುಣದ್ದು, ಆ ಮಟ್ಟಿಗೆ ಈ ಗಿಡಗಳಿಗೆ ಒಗ್ಗುತ್ತದೆ. ಆದರೆ ಅದು ನೀರನ್ನು ಹಿಡಿದಿಟ್ಟುಕೊಂಡು ಉಬ್ಬುವುದರಿಂದಲೂ ಒಣಗಿದಾಗ ಬಿರಿಯುವುದರಿಂದಲೂ ಕುಂಡಕ್ಕೆ ತುಂಬಬಾರದು. ಮಲೆನಾಡು, ಕರಾವಳಿಯ ಮಣ್ಣು ಹುಳಿಯಾಗಿರುವುದರಿಂದ ಕುಂಡಕ್ಕೆ ಒಂದೆರಡು ಚಮಚ ಕೃಷಿ ಸುಣ್ಣ ಬೆರೆಸುವುದು ಒಳ್ಳೆಯದು.

ಕುಂಡದ ತಳಕ್ಕೆ ಜಲ್ಲಿಯ ಪದರ ಹಾಕಿದರೆ ನೀರು ಬೇಗ ಇಳಿಯುವುದಿಲ್ಲವೇ?

ಇಲ್ಲ. ಸಣ್ಣ ಕಣಗಳ ಮಣ್ಣಿನಿಂದ ದಪ್ಪ ಕಲ್ಲಿನ ಪದರಕ್ಕೆ ನೀರು ಸುಲಭವಾಗಿ ಇಳಿಯದು. ಮೇಲಿನ ಮಣ್ಣು ಪೂರ್ತಿ ತೊಯ್ದ ಮೇಲಷ್ಟೇ ಅದು ಕೆಳಗೆ ಜಾರುತ್ತದೆ. ಪರಿಣಾಮವಾಗಿ ಒದ್ದೆಯ ಭಾಗ ಬೇರಿನ ಹತ್ತಿರಕ್ಕೇ ಏರುತ್ತದೆ. ಜಲ್ಲಿಯನ್ನು ಮಣ್ಣಿನಲ್ಲಿಯೇ ಬೆರೆಸಬೇಕು, ತಳದ ರಂಧ್ರಕ್ಕೆ ಒಂದು ಹೆಂಚಿನ ಚೂರು ಮುಚ್ಚಿದರೆ ಸಾಕು.

ಮಣ್ಣಿನ ಕುಂಡವೋ, ಪ್ಲಾಸ್ಟಿಕ್ಕೋ, ಗ್ರೋ ಬ್ಯಾಗೋ?

ಮಣ್ಣಿನ ಕುಂಡ. ಅದರ ಗೋಡೆಯಿಂದ ತೇವ ಆವಿಯಾಗುವುದರಿಂದ ಬೇಸಿಗೆಯಲ್ಲಿ ಬೇರು ತಂಪಾಗಿರುತ್ತದೆ, ಮಳೆಗಾಲದಲ್ಲಿ ಮಣ್ಣು ಬೇಗ ಆರುತ್ತದೆ. ಕಪ್ಪು ಪ್ಲಾಸ್ಟಿಕ್ ಮತ್ತು ಕಪ್ಪು ಚೀಲಗಳು ಕಾಂಕ್ರೀಟ್ ತಾರಸಿಯ ಮೇಲೆ ಪಶ್ಚಿಮದ ಬಿಸಿಲಿಗೆ ಎದುರಾಗಿದ್ದರೆ ಬೇರು ಬೇಯುತ್ತದೆ. ಅವುಗಳನ್ನೇ ಬಳಸಬೇಕಾದರೆ ಹಳೆಯ ಗೋಣಿಚೀಲ ಸುತ್ತಬಹುದು, ಅಥವಾ ಬಿಸಿಲು ಬೀಳುವ ಕಡೆಗೆ ದೊಡ್ಡ ಕುಂಡವೊಂದನ್ನು ಅಡ್ಡವಿಡಬಹುದು. ಯಾವ ಕುಂಡವಾದರೂ ಎರಡು ಇಟ್ಟಿಗೆಗಳ ಮೇಲೆ ಇಡುವುದು ಕ್ಷೇಮ: ಕೆಳಗಿನಿಂದ ಕಾವೂ ತಟ್ಟುವುದಿಲ್ಲ, ರಂಧ್ರವೂ ಮುಚ್ಚಿಹೋಗುವುದಿಲ್ಲ. ತಟ್ಟೆ ಇಟ್ಟು ನೀರು ನಿಲ್ಲಿಸುವುದಂತೂ ಬೇಡ.

ದಿನಕ್ಕೆ ಎಷ್ಟು ಬಾರಿ ನೀರು ಹಾಕಬೇಕು?

ದಿನದ ಲೆಕ್ಕವನ್ನು ಬಿಟ್ಟು ಮಣ್ಣಿನ ಲೆಕ್ಕ ಹಿಡಿಯಬೇಕು. ಬೆರಳನ್ನು ಎರಡು ಅಂಗುಲ ಆಳಕ್ಕೆ ಇಳಿಸಿದಾಗ ಒಣಗಿದ್ದರೆ, ತಳದಿಂದ ನೀರು ಹೊರಬರುವಷ್ಟು ಧಾರಾಳವಾಗಿ ಹಾಕಿ, ತೇವವಿದ್ದರೆ ಹಾಕಬೇಡಿ. ಮೇಲಿಂದ ಮೇಲೆ ಸ್ವಲ್ಪ ಸ್ವಲ್ಪ ಚಿಮುಕಿಸುವ ಅಭ್ಯಾಸದಿಂದ ಬೇರು ಮೇಲ್ಪದರದಲ್ಲಿಯೇ ಉಳಿದು ಬಿಸಿಲಿಗೆ ಸಿಕ್ಕುತ್ತದೆ. ಇದರಂತೆ ನಡೆದರೆ ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳ ರೋಸ್‌ಮೆರಿಗೆ ಎರಡು ಮೂರು ದಿನಕ್ಕೊಮ್ಮೆ, ರಾಯಚೂರಿನಲ್ಲಿ ದಿನಕ್ಕೊಮ್ಮೆ ಬೇಕಾಗಬಹುದು. ಹೊಸದಾಗಿ ನೆಟ್ಟ ಸಸಿಗೆ ಮಾತ್ರ ಬೇರೂರುವ ತನಕ ಮಣ್ಣು ಪೂರ್ತಿ ಒಣಗಲು ಬಿಡಬಾರದು. ಬೆಳಗಿನ ಹೊತ್ತೇ ಒಳ್ಳೆಯದು, ಎಲೆಯ ಮೇಲೆ ಸುರಿಯದೆ ಬುಡಕ್ಕೆ ಹಾಕಬೇಕು.

ಮಣ್ಣು ಒದ್ದೆಯಿದೆ, ಆದರೂ ಗಿಡ ಬಾಡಿದೆ. ಏನು ಮಾಡಲಿ?

ಮೊದಲು ನೀರಿನ ಚೊಂಬನ್ನು ಕೆಳಗಿಡಿ. ಬಾಡಿದ ಗಿಡಕ್ಕೆ ನೀರು ಬೇಕೆಂದು ಭಾವಿಸಿ ಮತ್ತೆ ಹಾಕುವುದರಿಂದಲೇ ಬಹುಪಾಲು ಗಿಡಗಳು ಕೈತಪ್ಪುತ್ತವೆ. ಒದ್ದೆ ಮಣ್ಣಿನಲ್ಲಿ ಗಿಡ ಬಾಡಿದೆಯೆಂದರೆ ನೀರು ಹೀರುವ ಬೇರು ಕೊಳೆಯುತ್ತಿದೆ.

ಗಿಡವನ್ನು ಮಣ್ಣಿನ ಸಮೇತ ನಿಧಾನವಾಗಿ ಹೊರತೆಗೆದು ನೋಡಿದರೆ ಕಥೆ ತಿಳಿಯುತ್ತದೆ. ಆರೋಗ್ಯವಂತ ಬೇರು ಬಿಳಿ ಅಥವಾ ಕೆನೆಬಣ್ಣದ್ದಾಗಿ ಗಟ್ಟಿಯಾಗಿರುತ್ತದೆ. ಕೊಳೆತ ಬೇರು ಕಂದುಬಣ್ಣಕ್ಕೆ ತಿರುಗಿ, ಎರಡು ಬೆರಳ ನಡುವೆ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಬಂದು ಒಳಗಿನ ನೂಲಿನಂಥ ಎಳೆ ಮಾತ್ರ ಉಳಿಯುತ್ತದೆ. ಇತ್ತೀಚೆಗೆ ತಂದ ಸಸಿಯಾದರೆ ಇನ್ನೊಂದು ಸಂಗತಿಯೂ ಕಣ್ಣಿಗೆ ಬೀಳಬಹುದು: ಹೊರಗಿನ ನಿಮ್ಮ ಮಣ್ಣು ಆರಿದ್ದರೂ ನರ್ಸರಿಯವರು ಬೆಳೆಸಿದ ಕೋಕೋಪೀಟಿನ ಗುಡ್ಡೆ ನಡುವೆ ಹಾಗೆಯೇ ಇದ್ದು, ಹಿಂಡಿದರೆ ನೀರು ತೊಟ್ಟಿಕ್ಕುತ್ತದೆ. ಸಸಿ ನೆಡುವಾಗಲೇ ಆ ಗುಡ್ಡೆಯ ಅಂಚನ್ನು ಬೆರಳಿನಿಂದ ಸಡಿಲಿಸಿ ಅರ್ಧದಷ್ಟನ್ನಾದರೂ ಉದುರಿಸಿಬಿಡಬೇಕು.

ಅರ್ಧ ಬೇರು ಚೆನ್ನಾಗಿದ್ದರೆ ಕೊಳೆತದ್ದನ್ನು ಕತ್ತರಿಸಿ, ಮೇಲಿನ ಕೊಂಬೆಗಳನ್ನೂ ಅಷ್ಟೇ ಪ್ರಮಾಣದಲ್ಲಿ ಸವರಿ, ಹೊಸ ಒಣ ಮಿಶ್ರಣದಲ್ಲಿ ನೆಟ್ಟು ನೆರಳಿನಲ್ಲಿಡಬಹುದು. ಪೂರ್ತಿ ಕೊಳೆತಿದ್ದರೆ ಗಿಡದ ಆಸೆ ಬಿಟ್ಟು, ತುದಿಯ ಹಸಿರು ಕಡ್ಡಿಗಳನ್ನು ಬೇರು ಬರಿಸಲು ತೆಗೆದುಕೊಳ್ಳಿ. ಆ ಮಣ್ಣನ್ನು ಇನ್ನೊಂದು ಸುಗಂಧ ಗಿಡಕ್ಕೆ ಬಳಸಬೇಡಿ.

ಏಪ್ರಿಲ್–ಮೇ ತಿಂಗಳಲ್ಲಿ ಶೇಡ್ ನೆಟ್ ಬೇಕೇ?

ಬೆಂಗಳೂರು, ಮೈಸೂರುಗಳಲ್ಲಿ ಬೇರೂರಿದ ರೋಸ್‌ಮೆರಿಗೆ ಬೇಡ. ಥೈಮ್, ಸೇಜ್‌ಗಳಿಗೆ ಮಧ್ಯಾಹ್ನದ ನೆರಳು ಹಿತ. ಬಯಲುಸೀಮೆಯ ಬಿಸಿಲಿಗೆ ಶೇಕಡ 35ರಿಂದ 50ರಷ್ಟು ನೆರಳು ಕೊಡುವ ಪರದೆ ಸಾಕು. ಶೇಕಡ 75ರದ್ದು ಹಾಕಿದರೆ ಗಿಡ ಬೆಳಕಿಗಾಗಿ ಉದ್ದುದ್ದ ಚಾಚಿಕೊಂಡು ಎಲೆಯ ಪರಿಮಳ ಇಳಿಯುತ್ತದೆ. ಪರದೆಗಿಂತ ಸರಳವಾದ ಉಪಾಯವೆಂದರೆ ಬೆಳಗಿನಿಂದ ಹನ್ನೆರಡರವರೆಗೆ ಬಿಸಿಲು ಬಿದ್ದು ಆಮೇಲೆ ಗೋಡೆಯ ನೆರಳು ಬರುವ ಪೂರ್ವದ ಬದಿಗೆ ಕುಂಡವನ್ನು ಸರಿಸುವುದು. ಕಡು ಬೇಸಿಗೆಯಲ್ಲಿ ಇವುಗಳ ಬೆಳವಣಿಗೆ ನಿಂತಂತೆ ಕಾಣುವುದು ಸಹಜ. ಆಗ ಗೊಬ್ಬರ ಹಾಕಿ ಚಿಗುರಿಸಲು ಹೋಗಬಾರದು.

ಮಳೆಗಾಲಕ್ಕೆ ಏನೇನು ಸಿದ್ಧತೆ ಬೇಕು?

ಮೃಗಶಿರಾ ಮಳೆ ಹಿಡಿಯುವ ಮೊದಲೇ, ಅಂದರೆ ಮೇ ಕೊನೆಯ ವಾರದಲ್ಲಿ, ಗಿಡದ ಒಳಗಿನ ಒಣಕಡ್ಡಿಗಳನ್ನೂ ಬುಡದ ನಾಲ್ಕು ಅಂಗುಲದ ಎಲೆಗಳನ್ನೂ ತೆಗೆದು ಗಾಳಿಯಾಡುವಂತೆ ಮಾಡಬೇಕು. ಬುಡಕ್ಕೆ ಒಣ ಎಲೆ ಅಥವಾ ತೆಂಗಿನ ನಾರಿನ ಹೊದಿಕೆ ಹಾಕಿದ್ದರೆ ಅದನ್ನು ತೆಗೆದು, ಒಂದು ಅಂಗುಲದಷ್ಟು ಸಣ್ಣ ಜಲ್ಲಿ ಹರಡಬೇಕು. ಮಳೆಹನಿ ಸಿಡಿದು ಎಲೆಗೆ ಕೆಸರು ಮೆತ್ತುವುದು ಇದರಿಂದ ತಪ್ಪುತ್ತದೆ.

ಅನಂತರ ಕುಂಡವನ್ನು ಬೆಳಕು ಬಿದ್ದು ಮಳೆ ಬೀಳದ ಕಡೆಗೆ, ಅಂದರೆ ಗೋಡೆಯಿಂದ ಚಾಚಿದ ಸಜ್ಜಾದ ಕೆಳಗೆ ಅಥವಾ ಪಾರದರ್ಶಕ ಶೀಟಿನ ಕೆಳಗೆ, ಸರಿಸಬೇಕು. ಶೀಟು ಹಾಕುವವರು ನಾಲ್ಕೂ ಕಡೆ ಮುಚ್ಚಬಾರದು; ಗಾಳಿ ಆಡದಿದ್ದರೆ ಮಳೆಯಿಲ್ಲದೆಯೂ ಎಲೆ ಕೊಳೆಯುತ್ತದೆ. ಜುಲೈನಲ್ಲಿ ಈ ಗಿಡಗಳಿಗೆ ವಾರಕ್ಕೊಮ್ಮೆಯೂ ನೀರು ಬೇಡವಾಗಬಹುದು. ನೆಲದಲ್ಲಿ ಬೆಳೆಸುವವರು ಒಂದು ಅಡಿ ಎತ್ತರದ ಏರುಮಡಿ ಮಾಡಿ, ಅದರ ಇಳಿಜಾರಿನಲ್ಲಿ ನೆಡಬೇಕು.

ಹೊಸ ಗಿಡ ಮಾಡಲು ಬೀಜ ಒಳ್ಳೆಯದೋ, ಕಡ್ಡಿಯೋ? ಯಾವಾಗ?

ಥೈಮ್ ಮತ್ತು ಒರೆಗಾನೋ ಬೀಜದಿಂದ ಬರುತ್ತವೆ. ಬೀಜ ಧೂಳಿನಷ್ಟು ಸಣ್ಣದಾದ್ದರಿಂದ ಮಣ್ಣಿನ ಮೇಲೆ ಉದುರಿಸಿ ಒತ್ತಬೇಕೇ ಹೊರತು ಹೂಳಬಾರದು. ರೋಸ್‌ಮೆರಿಯ ಬೀಜ ಮೊಳೆಯುವುದು ಅಪರೂಪ ಮತ್ತು ನಿಧಾನ, ಕಡ್ಡಿಯೇ ಸರಿಯಾದ ದಾರಿ.

ಮಳೆ ಹಿಂದೆಗೆದು ದಸರಾ ಮುಗಿದ ಮೇಲೆ, ಅಕ್ಟೋಬರ್‌ನಿಂದ ಜನವರಿಯವರೆಗೆ ಉತ್ತಮ ಕಾಲ. ಬಲಿತ ಕಂದು ಕಾಂಡವೂ ಅಲ್ಲದ, ಎಳೆ ಚಿಗುರೂ ಅಲ್ಲದ, ಬಾಗಿಸಿದರೆ ಬಳುಕುವ ನಾಲ್ಕು ಅಂಗುಲದ ತುದಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಅರ್ಧದ ಎಲೆಗಳನ್ನು ಸವರಿ, ತೊಳೆದ ದಪ್ಪ ಮರಳಿನಲ್ಲಿ ಊರಿ ನೆರಳಿನಲ್ಲಿಡಬೇಕು. ನಾಲ್ಕರಿಂದ ಆರು ವಾರಗಳಲ್ಲಿ ಬೇರು ಬರುತ್ತದೆ. ಪ್ಲಾಸ್ಟಿಕ್ ಚೀಲ ಕವುಚಿಡುವ ಪದ್ಧತಿ ದಾಸವಾಳಕ್ಕೆ ಸರಿ, ರೋಸ್‌ಮೆರಿಗೆ ಬೂಸ್ಟು ತರಿಸುತ್ತದೆ.

ಎಷ್ಟು ಕತ್ತರಿಸಬಹುದು?

ಒಮ್ಮೆಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ರೋಸ್‌ಮೆರಿ ಮತ್ತು ಲ್ಯಾವೆಂಡರ್‌ಗಳನ್ನು ಎಲೆಯಿಲ್ಲದ ಹಳೆಯ ಕಟ್ಟಿಗೆಯವರೆಗೆ ಕತ್ತರಿಸಿದರೆ ಅಲ್ಲಿಂದ ಮತ್ತೆ ಚಿಗುರುವ ಭರವಸೆಯಿಲ್ಲ. ಪ್ರತಿ ಕೊಂಬೆಯಲ್ಲೂ ಹಸಿರು ಉಳಿಯುವಂತೆ ನೋಡಿಕೊಳ್ಳಬೇಕು.

ಯಾವ ಗೊಬ್ಬರ, ಎಷ್ಟು ದಿನಕ್ಕೊಮ್ಮೆ?

ಅಕ್ಟೋಬರ್‌ನಲ್ಲಿ ಒಂದು ಹಿಡಿ ಎರೆಗೊಬ್ಬರ, ಜನವರಿಯಲ್ಲಿ ಇನ್ನೊಂದು. ಸಾರಜನಕ ಹೆಚ್ಚಾದರೆ ಗಿಡ ದಷ್ಟಪುಷ್ಟವಾಗಿ ಕಾಣುತ್ತದೆ, ಪರಿಮಳ ಮಾತ್ರ ಇರುವುದಿಲ್ಲ.

ಬೇಸಿಲ್, ಪಾರ್ಸ್ಲಿ, ಕೊತ್ತಂಬರಿಗಳನ್ನು ಇದೇ ಕುಂಡದಲ್ಲಿ ಹಾಕಬಹುದೇ?

ಬೇಡ. ಇಟಲಿಯ ಅಡುಗೆಯಲ್ಲಿ ಬೇಸಿಲ್ ಎಷ್ಟೇ ಹಾಸುಹೊಕ್ಕಾಗಿದ್ದರೂ ಅದು ಉಷ್ಣವಲಯದ ಸಸ್ಯ, ನಮ್ಮ ಕಾಮಕಸ್ತೂರಿಯ ಜಾತಿಯದೇ. ಅದಕ್ಕೆ ಬಿಸಿಲಿನ ಜೊತೆ ನೀರೂ ಬೇಕು. ಅದಕ್ಕೆ ಸಾಕಾಗುವಷ್ಟು ನೀರು ಹಾಕಿದರೆ ಪಕ್ಕದ ಥೈಮ್ ಕೊಳೆಯುತ್ತದೆ. ಪಾರ್ಸ್ಲಿ, ಕೊತ್ತಂಬರಿ, ಸಬ್ಬಸಿಗೆಗಳು ಬಿಸಿಲೇರಿದಂತೆ ಹೂವಿಗೆ ಹೋಗುವ ಚಳಿಗಾಲದ ಬೆಳೆಗಳು, ಅವುಗಳಿಗೆ ಪ್ರತ್ಯೇಕ ಕುಂಡವಿರಲಿ.

ನನ್ನ ಲ್ಯಾವೆಂಡರ್ ಹೂ ಬಿಡುತ್ತಿಲ್ಲ. ಕಾರಣವೇನು?

ಚಿತ್ರಗಳಲ್ಲಿ ಕಾಣುವ ಇಂಗ್ಲಿಷ್ ಲ್ಯಾವೆಂಡರ್ ಚೆನ್ನಾಗಿ ಹೂಬಿಡಲು ಗಟ್ಟಿ ಚಳಿಯ ಕಾಲವೊಂದು ಬೇಕು. ಜಮ್ಮು ಪ್ರಾಂತದ ದೋಡಾ ಜಿಲ್ಲೆಯ ಭದರ್ವಾಹದಲ್ಲಿ ರೈತರು ಅದನ್ನು ಬೆಳೆದು ತೈಲ ತೆಗೆಯುವುದು ಅಲ್ಲಿನ ಹಿಮಾಲಯದ ಚಳಿಯಿಂದಾಗಿ. ಬೆಂಗಳೂರಿನ ಡಿಸೆಂಬರ್ ಅದಕ್ಕೆ ಏನೇನೂ ಸಾಲದು. ನಮ್ಮಲ್ಲಿ ಬೆಳೆಸಬೇಕೆಂದರೆ ಎಲೆಯ ಅಂಚು ಗರಗಸದಂತಿರುವ ಡೆಂಟಾಟಾ ಜಾತಿಯನ್ನು ಕೇಳಿ ಕೊಳ್ಳಬೇಕು. ಚಳಿಯ ಹಂಗಿಲ್ಲದೆ ಅದು ಹೂಬಿಡುತ್ತದೆ, ತೇವವನ್ನೂ ಸ್ವಲ್ಪ ಹೆಚ್ಚು ಸಹಿಸುತ್ತದೆ. ಕರಾವಳಿಯವರಿಗೆ ಈ ಗಿಡದ ಮೇಲೆ ಹಣ ಸುರಿಯುವಂತೆ ಹೇಳಲು ನನಗೆ ಮನಸ್ಸಿಲ್ಲ.

ಎಲೆಯ ಮೇಲೆ ಸಣ್ಣ ಬಿಳಿ ಚುಕ್ಕೆಗಳು, ಜೇಡರ ಬಲೆಯಂಥ ಎಳೆಗಳು ಕಾಣುತ್ತಿವೆ. ಇದಕ್ಕೆ ಔಷಧವೇನು?

ಒಣ ಬೇಸಿಗೆಯಲ್ಲಿ ಬರುವ ಜೇಡನುಸಿ ಇದು. ಬೆಳಗ್ಗೆ ಎಲೆಯ ತಳಕ್ಕೆ ತಾಗುವಂತೆ ರಭಸವಾಗಿ ನೀರು ಹಾರಿಸಿ ತೊಳೆದರೆ ಅನೇಕ ವೇಳೆ ಅಷ್ಟೇ ಸಾಕಾಗುತ್ತದೆ; ಎಲೆಗೆ ನೀರು ಬೀಳಬಾರದೆಂಬ ನಿಯಮಕ್ಕೆ ಇದೊಂದು ವಿನಾಯಿತಿ. ಮುಂದುವರಿದರೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಬೇಕು. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ಸಿಂಪಡಿಸಿದ ಎಲೆಯನ್ನು ಒಂದು ವಾರದ ನಂತರ ಚೆನ್ನಾಗಿ ತೊಳೆದು ಬಳಸಬಹುದು, ಆದರೂ ಬೇವಿನ ಕಹಿ ಕೆಲವು ದಿನ ಉಳಿದೇ ಇರುತ್ತದೆ.

ಬೋರ್‌ವೆಲ್ ನೀರು ಗಡಸು. ತೊಂದರೆಯಿದೆಯೇ?

ಸುಣ್ಣದ ಅಂಶ ಈ ಗಿಡಗಳಿಗೆ ತೊಂದರೆಯಲ್ಲ, ಸುಣ್ಣದಕಲ್ಲಿನ ಬೆಟ್ಟಗಳಲ್ಲಿಯೇ ಇವು ಸ್ವಾಭಾವಿಕವಾಗಿ ಬೆಳೆಯುವುದು. ಉಪ್ಪಿನ ಅಂಶ ಹೆಚ್ಚಿದ್ದರೆ ಎಲೆಯ ತುದಿ ಒಣಗುತ್ತದೆ. ಕುಂಡದ ಹೊರಮೈಯಲ್ಲಿ ಬಿಳಿ ಪದರ ಕಟ್ಟಿದ್ದರೆ ತಿಂಗಳಿಗೊಮ್ಮೆ ಹಿಡಿದಿಟ್ಟ ಮಳೆನೀರನ್ನು ಧಾರಾಳವಾಗಿ ಸುರಿದು ಉಪ್ಪನ್ನು ತೊಳೆದುಬಿಡಬೇಕು.

ದುಬೈ, ಮಸ್ಕತ್‌ಗಳಲ್ಲಿ ಇರುವವರು ಬೆಳೆಸಬಹುದೇ?

ಖಂಡಿತ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ಅಲ್ಲಿನ ಹವೆ ಮಳೆಗಾಲದ ಮಂಗಳೂರಿಗಿಂತ ಈ ಗಿಡಗಳಿಗೆ ಎಷ್ಟೋ ಮೇಲು. ಬೇಸಿಗೆಯಲ್ಲಿ ರೋಸ್‌ಮೆರಿಯನ್ನು ಬೆಳಕು ಬರುವ ಕಿಟಕಿಯೊಳಕ್ಕೆ ತಂದುಕೊಳ್ಳಿ, ಆದರೆ ಎಸಿಯ ಗಾಳಿ ನೇರವಾಗಿ ತಾಗದಿರಲಿ.

ಯಾವಾಗ ಕೊಯ್ಯಬೇಕು, ಹೇಗೆ ಒಣಗಿಸಬೇಕು?

ಮೊಗ್ಗು ಮೂಡಿ ಹೂವು ಅರಳುವ ಮೊದಲು, ಇಬ್ಬನಿ ಆರಿದ ಬೆಳಗಿನ ಹೊತ್ತಿನಲ್ಲಿ ಕೊಯ್ದರೆ ತೈಲಾಂಶ ಹೆಚ್ಚಿರುತ್ತದೆ. ಹಪ್ಪಳ, ಸಂಡಿಗೆಗಳಂತೆ ಇವನ್ನು ಬಿಸಿಲಿಗೆ ಹರವಬಾರದು. ತೈಲ ಆರಿಹೋಗಿ ಹುಲ್ಲು ಉಳಿಯುತ್ತದೆ. ಸಣ್ಣ ಕಟ್ಟುಗಳಾಗಿ ಕಟ್ಟಿ ಗಾಳಿಯಾಡುವ ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿದರೆ ಬೇಸಿಗೆಯಲ್ಲಿ ಒಂದು ವಾರದೊಳಗೆ ಒಣಗುತ್ತವೆ. ಒರೆಗಾನೋ ಮತ್ತು ಥೈಮ್‌ಗಳ ರುಚಿ ಒಣಗಿದ ಮೇಲೂ ಉಳಿಯುತ್ತದೆ, ಒರೆಗಾನೋದ ಘಾಟು ಹೆಚ್ಚುವುದೂ ಉಂಟು. ರೋಸ್‌ಮೆರಿಯನ್ನು ಹಸಿಯಾಗಿಯೇ ಬಳಸುವುದು ಮೇಲು.

ಮಳೆಗಾಲದಲ್ಲಿ ನೆರಳಿನಲ್ಲಿ ಒಣಗಿಸಲು ಹೋದರೆ ಒಣಗುವ ಮೊದಲೇ ಬೂಸ್ಟು ಬರುತ್ತದೆ. ಆದ್ದರಿಂದ ಮೇ ಕೊನೆಯಲ್ಲಿ ಸವರುವಾಗ ಸಿಕ್ಕ ಎಲೆಗಳನ್ನೇ ಒಣಗಿಸಿ, ಬೆರಳಲ್ಲಿ ಮುರಿದರೆ ಚಟ್ಟೆಂದು ಮುರಿಯುವ ಹದಕ್ಕೆ ಬಂದ ಮೇಲೆ ಬಿಗಿಮುಚ್ಚಳದ ಗಾಜಿನ ಬಾಟಲಿಗೆ ತುಂಬಿಡಬೇಕು. ಮರುದಿನ ಬಾಟಲಿಯ ಒಳಮೈಯಲ್ಲಿ ಮಂಜು ಕಟ್ಟಿದ್ದರೆ ಎಲೆ ಇನ್ನೂ ಒಣಗಿಲ್ಲ ಎಂದರ್ಥ; ಹೊರತೆಗೆದು ಮತ್ತೆರಡು ದಿನ ಆರಿಸಿ.